ಕತ್ತಿಗೆ ಪೆಟ್ಟು ಬಿದ್ದ ಮೇಲೆ ಬಿಡದ ತಲೆನೋವು: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ಕೊಳೆರೋಗ, ಕಾಂಡಕೊರಕ, ಗೊಬ್ಬರದ ಪ್ರಮಾಣ, ಸಾಲದ ಕಂತು ಇವೇ ಮೊದಲಾದ ವಿಷಯಗಳನ್ನು ನಮ್ಮ ವಾರ್ತಾಪತ್ರದ ಈ ಪುಟದಲ್ಲಿ ಚರ್ಚಿಸುವುದು ವಾಡಿಕೆ. ಈ ಸಲ ಗಿಡವನ್ನು ಬದಿಗಿಟ್ಟು ಗಿಡ ನೋಡಿಕೊಳ್ಳುವವನ ಕತ್ತಿನ ವಿಷಯ ಎತ್ತಿಕೊಂಡಿದ್ದೇವೆ. ಏಣಿಯಿಂದ ಜಾರುವುದು, ಮರದಿಂದ ಬೀಳುವುದು, ಜೀಪು ಹಳ್ಳಕ್ಕೆ ಇಳಿದಾಗ ಕತ್ತು ಉಳುಕುವುದು ನಮ್ಮ ಬದುಕಿನಲ್ಲಿ ಹೊಸದಲ್ಲ. ಗಾಯ ಮಾಯುತ್ತದೆ, ಊತ ಇಳಿಯುತ್ತದೆ. ಆದರೆ ಕೆಲವರಿಗೆ ತಿಂಗಳುಗಟ್ಟಲೆ ತಲೆನೋವು ಉಳಿದುಬಿಡುತ್ತದೆ. ಹೊರಗೆ ಕಾಣುವ ಗುರುತು ಯಾವುದೂ ಇಲ್ಲದ ಕಾರಣ ಮನೆಯವರೂ ನಂಬುವುದಿಲ್ಲ, ಕೆಲಸ ಕೊಡುವವರೂ ನಂಬುವುದಿಲ್ಲ. ಹಾಗೆ ನಂಬದವರ ಪೈಕಿ ನಾವೂ ಒಬ್ಬರಾಗಿದ್ದೆವು. ಅದನ್ನು ಮೊದಲೇ ಒಪ್ಪಿಕೊಂಡು ಪಾಠವನ್ನು ಆರಂಭಿಸುತ್ತೇವೆ.

ಮಹಾಕೂಟದ ಪುಷ್ಕರಿಣಿಯಲ್ಲಿ ನಡೆದದ್ದು

2022 ರ ಅಕ್ಟೋಬರಿನಲ್ಲಿ, ಕಾಫಿ ಕೊಯ್ಲು ಶುರುವಾಗುವ ಮುನ್ನ, ಸಂಘದ ಕೆಲವು ಸದಸ್ಯರು ಕುಟುಂಬ ಸಮೇತ ಬಾಗಲಕೋಟೆ ಜಿಲ್ಲೆಯ ಪ್ರವಾಸ ಕೈಗೊಂಡಿದ್ದೆವು. ಬಾದಾಮಿಯ ಗುಹೆಗಳನ್ನು ನೋಡಿ, ಬನಶಂಕರಿಯ ದರ್ಶನ ಮುಗಿಸಿ, ಮಹಾಕೂಟಕ್ಕೆ ಬಂದೆವು. ಚಾಲುಕ್ಯ ಮಂಗಳೇಶನ ಕಾಲದ ಶಾಸನಸ್ತಂಭ ಸಿಕ್ಕಿದ್ದು ಇಲ್ಲಿಯೇ. ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಸುತ್ತಲೂ ಒಣ ಗುಡ್ಡ, ನಡುವೆ ಹಳೆಯ ಗುಡಿಗಳ ಗುಂಪು, ಊಟೆಯ ನೀರು ತುಂಬಿದ ವಿಷ್ಣು ಪುಷ್ಕರಿಣಿ. ಮಲೆನಾಡಿನವರಾದ ನಮಗೆ ಆ ತಣ್ಣೀರು ಕಂಡರೆ ಕೇಳಬೇಕೆ? ಹುಡುಗರು ಜಿಗಿಯುತ್ತಿದ್ದುದನ್ನು ನೋಡಿ ನಾವೂ ಮೆಟ್ಟಿಲು ಇಳಿದೆವು. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಹಿಂದಕ್ಕೆ ಬಿದ್ದೆವು. ತಲೆ ಕಲ್ಲಿಗೆ ಬಡಿಯಲಿಲ್ಲ. ಆದರೆ ಕತ್ತು ಹಿಂದಕ್ಕೂ ಮುಂದಕ್ಕೂ ಚಾಟಿಯಂತೆ ಒಮ್ಮೆ ಹೊಯ್ದಾಡಿತು.

ಜೊತೆಯವರು ಓಡಿಬಂದು ರಟ್ಟೆ ಹಿಡಿದು ಎಬ್ಬಿಸಲು ನೋಡಿದರು. ಅಲ್ಲೇ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದ ಮುದುಕಿಯೊಬ್ಬಳು ಬುಟ್ಟಿ ಬಿಟ್ಟು ಬಂದು, "ಎಬ್ಬಸಬ್ಯಾಡ್ರೀ ಯಪ್ಪಾ, ಹಂಗ ಮಲಗಿರ್ಲಿ. ನನ್ನ ಮಗ ಬಿದ್ದಾಗ ಎಲ್ಲಾರೂ ಕೂಡಿ ಎಳದಾಡಿ ಕೆಡಿಸಿದ್ರು" ಎಂದು ಗದರಿಸಿದಳು. ಅವಳ ಮಾತೇ ಸರಿಯಾಗಿತ್ತು. ನಾಲ್ಕು ಜನರ ಎದುರು ಬಿದ್ದ ನಾಚಿಕೆಯಲ್ಲಿ ನಾವು, "ಏನೂ ಆಗಿಲ್ಲ ಅಮ್ಮಾ" ಎಂದು ಎದ್ದು ನಿಂತೆವು. ಇದು ನಮ್ಮ ಮೊದಲ ತಪ್ಪು.

ಮರುದಿನ ಕತ್ತು ಬಿಗಿಯಿತು. ಮೂರನೆಯ ದಿನ ತಲೆಯ ಹಿಂಭಾಗದಿಂದ ನೋವು ಹೊರಟು ಬಲಗಣ್ಣಿನ ಹಿಂದಕ್ಕೆ ಬಂದು ನಿಂತಿತು. ವೈದ್ಯರ ಬಳಿಗೆ ಹೋಗದೆ ಔಷಧಿ ಅಂಗಡಿಯ ಮಾತ್ರೆ ನುಂಗಿ ಕೊಯ್ಲು ಮುಗಿಸಿದೆವು. ಇದು ಎರಡನೆಯ ತಪ್ಪು. ಫೆಬ್ರವರಿ ಹೊತ್ತಿಗೆ ಮಾತ್ರೆ ಇಲ್ಲದೆ ಬೆಳಗಾಗುತ್ತಿರಲಿಲ್ಲ. ಲೆಕ್ಕದ ಪುಸ್ತಕ ಬಿಚ್ಚಿದರೆ ಅಂಕಿಗಳು ಕಣ್ಣಿಗೆ ಚುಚ್ಚುತ್ತಿದ್ದವು. ಮನೆಯಲ್ಲಿ ಸಿಡುಕು, ಸಂಘದ ಸಭೆಯಲ್ಲಿ ಸಿಡುಕು. ಕೊನೆಗೆ ಮನೆಯವರ ಒತ್ತಾಯದಿಂದ ನರರೋಗ ತಜ್ಞರನ್ನು ಕಂಡೆವು. ಅವರು ಹೇಳಿದ್ದು, ಆಮೇಲೆ ನಾವು ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಈ ಪಾಠ ಸಿದ್ಧಪಡಿಸಿದ್ದೇವೆ.

ಕತ್ತಿನ ನೋವು ತಲೆಗೆ ಏರುವುದು ಹೇಗೆ?

ಮನುಷ್ಯನ ತಲೆಯ ತೂಕ ಸುಮಾರು 4.5 ರಿಂದ 5 ಕೆ.ಜಿ. ಇದನ್ನು ಹೊತ್ತಿರುವುದು ಕತ್ತಿನ 7 ಮೂಳೆಮಣಿಗಳು. ಮೇಲಿನ ಎರಡು ಮಣಿಗಳ ನಡುವಿನ ಕೀಲಿನಿಂದಲೇ ತಲೆ ಅತ್ತಿತ್ತ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ನಡೆಯುತ್ತದೆ. ಚಾಟಿಯಂತೆ ಹೊಯ್ದಾಟವಾದಾಗ ಈ ಕೀಲುಗಳು, ಅವನ್ನು ಕಟ್ಟಿ ಹಿಡಿದ ನಾರುಗಳು, ಸುತ್ತಲಿನ ಸ್ನಾಯುಗಳು ಜಗ್ಗುತ್ತವೆ.

ಇನ್ನು ನರಗಳ ವಿಷಯ. ಕತ್ತಿನ ಮೇಲ್ಭಾಗದ ಮೊದಲ ಮೂರು ನರಗಳು ಹಾಗೂ ಮುಖ, ಹಣೆ, ಕಣ್ಣಿನ ಸುತ್ತಲಿನಿಂದ ಸುದ್ದಿ ತರುವ ನರ, ಇವು ಮಿದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ಅಡಿಕೆ ತೋಟದ ಎರಡು ಬಸಿಗಾಲುವೆಗಳು ಕೆಳಗೆ ಒಂದೇ ತೋಡಿಗೆ ಕೂಡುವುದನ್ನು ನೆನೆದುಕೊಳ್ಳಿ. ತೋಡಿನಲ್ಲಿ ಕೆಂಪು ನೀರು ಬಂದಾಗ ಮಣ್ಣು ಕೊಚ್ಚಿದ್ದು ಯಾವ ಕಡೆಯ ತೋಟದ್ದೆಂದು ಕೆಳಗೆ ನಿಂತವನಿಗೆ ತಿಳಿಯುವುದಿಲ್ಲ. ಹಾಗೆಯೇ ಕತ್ತಿನ ಕೀಲಿನಿಂದ ಬಂದ ನೋವಿನ ಸುದ್ದಿಯನ್ನು ಮಿದುಳು ಹಣೆಯ ನೋವೆಂದೋ ಕಣ್ಣಿನ ನೋವೆಂದೋ ಓದಿಕೊಳ್ಳುತ್ತದೆ. ಕನ್ನಡಕ ಬದಲಾಯಿಸಿದರೂ, ಹಣೆಗೆ ಮುಲಾಮು ಹಚ್ಚಿದರೂ ನೋವು ನಿಲ್ಲದಿರುವುದಕ್ಕೆ ಇದೇ ಕಾರಣ.

ಕತ್ತಿನಿಂದ ಹುಟ್ಟುವ ಈ ತಲೆನೋವಿಗೆ ಪ್ರತ್ಯೇಕ ಹೆಸರು ಕೊಟ್ಟು 1983 ರಲ್ಲಿ ವಿವರಿಸಿದವರು ನಾರ್ವೆ ದೇಶದ ವೈದ್ಯ ಓಟ್ಟರ್ ಶೋಸ್ಟಾಡ್ ಮತ್ತು ಅವರ ಸಂಗಡಿಗರು. ಅಂತಾರಾಷ್ಟ್ರೀಯ ವರ್ಗೀಕರಣದ ಪ್ರಕಾರ, ಕತ್ತು ಚಾಟಿಯಂತೆ ಹೊಯ್ದಾಡಿದ 7 ದಿನಗಳೊಳಗೆ ಶುರುವಾಗಿ 3 ತಿಂಗಳು ದಾಟಿದರೂ ಉಳಿಯುವ ತಲೆನೋವನ್ನು ಬಿಡದ ತಲೆನೋವಿನ ಗುಂಪಿಗೆ ಸೇರಿಸುತ್ತಾರೆ. ಪೆಟ್ಟು ಬಿದ್ದವರ ನೋವು ಎಲ್ಲರಲ್ಲೂ ಕೀಲಿನದೊಂದೇ ಆಗಿರುವುದಿಲ್ಲ. ಕೆಲವರಿಗೆ ಮೈಗ್ರೇನಿನಂತೆ ವಾಕರಿಕೆ, ಬೆಳಕು ಸಹಿಸದಿರುವುದು ಇರುತ್ತದೆ. ಕೆಲವರಿಗೆ ತಲೆಗೆ ಪಟ್ಟಿ ಬಿಗಿದಂತಾಗುತ್ತದೆ. ಯಾವ ಬಗೆಯದೆಂದು ನಿರ್ಧರಿಸುವುದು ವೈದ್ಯರ ಕೆಲಸ. ಚಿಕಿತ್ಸೆ ಅದರ ಮೇಲೆ ನಿಂತಿದೆ.

ಎಕ್ಸ್‌ರೇ, ಸ್ಕ್ಯಾನಿಂಗ್‌ಗಳಲ್ಲಿ ಏನೂ ಕಾಣದಿದ್ದರೆ ನೋವು ಸುಳ್ಳು ಎಂದು ಅರ್ಥವಲ್ಲ. ನಾರು, ಸ್ನಾಯು, ಸಣ್ಣ ಕೀಲುಗಳ ಜಗ್ಗಾಟ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಇನ್ನೊಂದು ಕಡೆ, ನಲವತ್ತು ದಾಟಿದ ಅನೇಕರ ಚಿತ್ರದಲ್ಲಿ "ಸವೆತ" ಕಾಣುತ್ತದೆ. ಅವರಲ್ಲಿ ಎಷ್ಟೋ ಜನಕ್ಕೆ ನೋವೇ ಇರುವುದಿಲ್ಲ. ಚಿತ್ರದ ವರದಿಯನ್ನು ಓದಿ ಹೆದರಬಾರದು.

ಬಿದ್ದ ಕೂಡಲೇ ಮಾಡಬೇಕಾದದ್ದು

ನಮ್ಮ ಕೊನೆಗಾರರು, ಮರಗಸಿ ಮಾಡುವವರು, ಮೆಣಸು ಕೊಯ್ಯುವವರು ಎತ್ತರದಲ್ಲಿ ಕೆಲಸ ಮಾಡುತ್ತಾರೆ. ತೋಟದ ಪ್ರತಿಯೊಬ್ಬರಿಗೂ ಈ ಕೆಳಗಿನ ಕ್ರಮ ಬಾಯಿಪಾಠವಾಗಿರಬೇಕು.

1. ಬಿದ್ದವನನ್ನು ಎಬ್ಬಿಸಬೇಡಿ, ಕೂರಿಸಬೇಡಿ, ತಲೆಯ ಕೆಳಗೆ ದಿಂಬು ಕೊಡಬೇಡಿ, ನೀರು ಕುಡಿಸಬೇಡಿ. ಉಸಿರಾಟ ಸರಿಯಾಗಿದೆಯೇ ನೋಡಿ.

2. ಒಬ್ಬರು ತಲೆಯ ಬಳಿ ಮಂಡಿಯೂರಿ ಎರಡು ಕೈಗಳಿಂದ ತಲೆಯನ್ನು ಮೈಯ ನೇರಕ್ಕೆ ಅಲುಗದಂತೆ ಹಿಡಿದಿರಬೇಕು. ಬಲವಂತವಾಗಿ ನೆಟ್ಟಗೆ ಮಾಡಬಾರದು.

3. 108 ಕ್ಕೆ ಕರೆ ಮಾಡಿ. ರಸ್ತೆಯ ಗುರುತು ಹೇಳಲು ಒಬ್ಬರನ್ನು ಗೇಟಿನ ಬಳಿ ನಿಲ್ಲಿಸಿ.

4. ಬೆಂಕಿ, ನೀರು ಮೊದಲಾದ ಅಪಾಯವಿದ್ದು ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ ತಲೆ, ಭುಜ, ಸೊಂಟ, ಕಾಲು ಒಂದೇ ತುಂಡಿನಂತೆ ಹಲಗೆ ಅಥವಾ ಬಾಗಿಲಿನ ಮೇಲೆ ಹೊರಳಿಸಿ ಒಯ್ಯಬೇಕು.

ಎಷ್ಟು ಎತ್ತರದಿಂದ ಬಿದ್ದರೆ ಅಪಾಯ? ಕೆನಡಾ ದೇಶದ ವೈದ್ಯರು 2001 ರಲ್ಲಿ ಪ್ರಕಟಿಸಿದ ನಿಯಮದಲ್ಲಿ 3 ಅಡಿ ಅಥವಾ 5 ಮೆಟ್ಟಿಲು ಎತ್ತರದಿಂದ ಬಿದ್ದದ್ದು, ವಯಸ್ಸು 65 ಅಥವಾ ಅದಕ್ಕಿಂತ ಹೆಚ್ಚಿದ್ದು, ಕೈಕಾಲು ಜುಮುಗುಡುವುದು, ಇವುಗಳಲ್ಲಿ ಒಂದಿದ್ದರೂ ಕತ್ತಿನ ಚಿತ್ರ ತೆಗೆಸಬೇಕೆಂದು ಹೇಳಿದೆ. ಮೂರೇ ಅಡಿ! ನಮ್ಮ ಮೆಣಸಿನ ಏಣಿಯ ಮೂರನೆಯ ಮೆಟ್ಟಿಲನ್ನು ನೆನೆದುಕೊಳ್ಳಿ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು

ಪೆಟ್ಟು ಬಿದ್ದ ದಿನವೇ ಆಗಲಿ, ವಾರಗಳ ನಂತರವೇ ಆಗಲಿ, ಈ ಲಕ್ಷಣಗಳು ಕಂಡರೆ ವ್ಯಾಯಾಮ, ಮನೆಮದ್ದು ಎಂದು ಕಾಯಬಾರದು:

ಕೈಕಾಲಿನಲ್ಲಿ ಬಲಹೀನತೆ, ಜೋಮು, ನಡಿಗೆಯಲ್ಲಿ ತೂರಾಟ. ಮಲಮೂತ್ರದ ಹಿಡಿತ ತಪ್ಪುವುದು. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ಭಾರಿ ತಲೆನೋವು. ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮುಖ ಸೊಟ್ಟಗಾಗುವುದು. ಮತ್ತೆ ಮತ್ತೆ ವಾಂತಿ, ಮಂಪರು, ಗಲಿಬಿಲಿ, ಫಿಟ್ಸ್. ಜ್ವರದ ಜೊತೆ ಕತ್ತು ಸೆಟೆಯುವುದು. ದಿನದಿಂದ ದಿನಕ್ಕೆ ಹೆಚ್ಚುತ್ತಲೇ ಹೋಗುವ ನೋವು.

ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ, ಮದ್ಯಪಾನದ ಅಭ್ಯಾಸವಿರುವವರಲ್ಲಿ ಸಣ್ಣ ಪೆಟ್ಟಿನ ನಂತರವೂ ಮಿದುಳಿನ ಹೊರಪೊರೆಯ ಕೆಳಗೆ ನಿಧಾನವಾಗಿ ರಕ್ತ ಸೇರಿ ವಾರಗಳ ಮೇಲೆ ತಲೆನೋವು, ಮಂಕುತನ ಕಾಣಿಸಿಕೊಳ್ಳಬಹುದು. "ಅಪ್ಪನಿಗೆ ವಯಸ್ಸಾಯಿತು, ಅರಳುಮರಳು" ಎಂದು ಕೈಬಿಡಬಾರದು.

ಇನ್ನೊಂದು ಎಚ್ಚರಿಕೆ. ಕ್ಷೌರದಂಗಡಿಯಲ್ಲಿ ತಲೆ ತಿರುವಿ ಕತ್ತಿನ ನೆಟಿಗೆ ತೆಗೆಸುವ ಪದ್ಧತಿ ನಮ್ಮಲ್ಲಿದೆ. ಕತ್ತಿನ ಮೂಳೆಯೊಳಗೆ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಸಾಗುತ್ತವೆ. ಹಠಾತ್ತನೆ ತಿರುವಿದಾಗ ನಾಳದ ಒಳಪೊರೆ ಹರಿದು ಲಕ್ವ ಹೊಡೆದ ಪ್ರಸಂಗಗಳು ವೈದ್ಯಕೀಯ ದಾಖಲೆಯಲ್ಲಿವೆ. ಪೆಟ್ಟು ಬಿದ್ದ ಕತ್ತನ್ನು ಯಾರ ಕೈಗೂ ಹಾಗೆ ಕೊಡಬಾರದು.

ಮಾತ್ರೆಯಿಂದಲೇ ಹುಟ್ಟುವ ತಲೆನೋವು

ಈ ಭಾಗವನ್ನು ಸದಸ್ಯರು ಎರಡು ಸಲ ಓದಬೇಕೆಂದು ಕೋರುತ್ತೇವೆ, ಏಕೆಂದರೆ ನಾವು ಸಿಕ್ಕಿಬಿದ್ದದ್ದು ಇಲ್ಲಿಯೇ.

ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂತಹ ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧಿ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ 3 ತಿಂಗಳ ಮೇಲೆ ನುಂಗಿದರೆ ಮಾತ್ರೆಯೇ ತಲೆನೋವನ್ನು ಉಳಿಸಬಲ್ಲದು. ಮಾತ್ರೆಯ ಬಲ ಇಳಿದಾಗ ನೋವು, ನೋವಿಗೆ ಮತ್ತೆ ಮಾತ್ರೆ. ಕೈಸಾಲದ ಬಡ್ಡಿ ಕಟ್ಟಲು ಇನ್ನೊಂದು ಕೈಸಾಲ ಮಾಡಿದಂತೆ. ಬೆಂಗಳೂರು ಸುತ್ತಿನ ನಗರ ಹಾಗೂ ಹಳ್ಳಿಗಳಲ್ಲಿ ನಿಮ್ಹಾನ್ಸ್ ಸಂಶೋಧಕರು 2,329 ಮಂದಿಯನ್ನು ವಿಚಾರಿಸಿ 2015 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದವರು ಶೇ. 63.9. ಮಾತ್ರೆಯ ಅತಿಬಳಕೆಯಿಂದ ಬಂದಿರಬಹುದಾದ ತಲೆನೋವು ಶೇ. 1.2 ಜನರಲ್ಲಿ ಕಂಡಿತು. ಅಂದರೆ ಸಾವಿರ ಜನರಿರುವ ಊರಿನಲ್ಲಿ ಸುಮಾರು ಹನ್ನೆರಡು ಮಂದಿ.

ನಮ್ಮ ವೈದ್ಯರು ಮೊದಲು ಕೇಳಿದ್ದು "ತಿಂಗಳಿಗೆ ಎಷ್ಟು ದಿನ ಮಾತ್ರೆ?" ಎಂದು. ಸಂಘದ ಪ್ರತಿ ಪೈಸೆಯ ಲೆಕ್ಕ ಬರೆಯುವ ನಮ್ಮ ಬಳಿ ಇದರ ಲೆಕ್ಕವಿರಲಿಲ್ಲ. ಎಣಿಸಿ ನೋಡಿದರೆ 26 ದಿನ! ಅವರ ಸಲಹೆಯಂತೆ ಆ ಮಾತ್ರೆಗಳನ್ನು ನಿಲ್ಲಿಸಿದೆವು. ಮೊದಲ ಹತ್ತು ದಿನ ನೋವು ಇನ್ನಷ್ಟು ಏರಿತು. ಹೀಗಾಗುವುದು ಸಹಜವೆಂದು ಮುಂಚೆಯೇ ತಿಳಿಸಿದ್ದರಿಂದ ತಡೆದುಕೊಂಡೆವು. ನಂತರ ಮೆಲ್ಲನೆ ಇಳಿಯತೊಡಗಿತು. ರಾತ್ರಿಗೆ ಸಣ್ಣ ಪ್ರಮಾಣದಲ್ಲಿ ಒಂದು ತಡೆಗಟ್ಟುವ ಔಷಧಿಯನ್ನೂ ಕೆಲವು ತಿಂಗಳು ಕೊಟ್ಟರು. ಇದನ್ನು ನೋಡಿ ಯಾರೂ ತಾವೇ ಔಷಧಿ ಬಿಡುವುದು, ಹಿಡಿಯುವುದು ಮಾಡಬಾರದು. ನಿದ್ರೆಮಾತ್ರೆ ಅಥವಾ ಅಫೀಮು ವರ್ಗದ ಮಾತ್ರೆ ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಅಪಾಯವಿದೆ. ಅವರು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಬೇಕು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇದ್ದವರಿಗೆ ನೋವಿನ ಮಾತ್ರೆಗಳು ಹೆಚ್ಚಿನ ಹಾನಿ ಮಾಡಬಲ್ಲವು.

ಕಾಫಿ ಬೆಳೆಗಾರರಾದ ನಮಗೆ ಒಂದು ಮಾತು. ಕೆಫೀನ್ ಅಂಶ ಅನೇಕ ನೋವಿನ ಮಾತ್ರೆಗಳಲ್ಲಿಯೂ ಇದೆ. ದಿನಕ್ಕೆ ಆರೇಳು ಲೋಟ ಕುಡಿದು ಒಂದು ದಿನ ತಪ್ಪಿಸಿದರೆ 12 ರಿಂದ 24 ಗಂಟೆಗಳೊಳಗೆ ಅದರಿಂದಲೇ ತಲೆ ಸಿಡಿಯುತ್ತದೆ. ನಮ್ಮ ಬೆಳೆಯನ್ನು ಬಿಡಿ ಎಂದು ನಾವು ಹೇಳುವುದಿಲ್ಲ! ದಿನಕ್ಕೆ ಎರಡು ಲೋಟ, ಹೊತ್ತಿಗೆ ಸರಿಯಾಗಿ, ಸಂಜೆಯ ಮೇಲೆ ಬೇಡ. ಇದು ನಾವು ಹಾಕಿಕೊಂಡ ಕಟ್ಟಳೆ.

ಕತ್ತನ್ನು ಮತ್ತೆ ಕೆಲಸಕ್ಕೆ ಹಚ್ಚುವುದು

ಮೂಳೆ ಮುರಿದಿಲ್ಲ, ನರಕ್ಕೆ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಕತ್ತನ್ನು ತಿಂಗಳುಗಟ್ಟಲೆ ಪಟ್ಟಿಯೊಳಗೆ ಕಟ್ಟಿಡಬಾರದು. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಆಸ್ಟ್ರೇಲಿಯದಲ್ಲಿ ಕತ್ತಿನಿಂದ ಬರುವ ತಲೆನೋವಿನ 200 ಮಂದಿಯ ಮೇಲೆ ನಡೆಸಿ 2002 ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 6 ವಾರಗಳ ಕತ್ತಿನ ವ್ಯಾಯಾಮದಿಂದ ಹಾಗೂ ತರಬೇತಿ ಪಡೆದವರ ಕೈಚಿಕಿತ್ಸೆಯಿಂದ ನೋವು ತಗ್ಗಿತು. ಆ ಗುಣ 12 ತಿಂಗಳ ನಂತರವೂ ಉಳಿದಿತ್ತು. ಫಿಸಿಯೋಥೆರಪಿಯವರು ನಮಗೆ ಕಲಿಸಿದ್ದು ಇಷ್ಟೇ:

1. ಅಂಗಾತ ಮಲಗಿ, ತಲೆ ಎತ್ತದೆ, "ಹೌದು" ಎನ್ನುವಂತೆ ಗದ್ದವನ್ನು ಮೆಲ್ಲಗೆ ಒಳಕ್ಕೆ ಎಳೆದು 10 ಎಣಿಸುವವರೆಗೆ ಹಿಡಿಯುವುದು. 10 ಸಲ, ದಿನಕ್ಕೆ ಎರಡು ಹೊತ್ತು. ಇಲ್ಲಿ ಬಲಪ್ರಯೋಗ ಇರಬಾರದು.

2. ನೆಟ್ಟಗೆ ಕುಳಿತು ಎರಡು ರೆಕ್ಕೆಮೂಳೆಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಹಿಡಿಯುವುದು.

3. ನೋವು ಸಹಿಸುವಷ್ಟು ಮಾತ್ರ ತಲೆಯನ್ನು ಎಡಬಲಕ್ಕೆ ನಿಧಾನವಾಗಿ ತಿರುಗಿಸುವುದು.

4. ದಿನವೂ ಅರ್ಧ ಗಂಟೆ ನಡಿಗೆ. ತೋಟ ಸುತ್ತುವುದು ಬೇರೆ, ಕೈಬೀಸಿ ನಡೆಯುವುದು ಬೇರೆ.

ವ್ಯಾಯಾಮದ ನಡುವೆ ತಲೆಸುತ್ತು, ಕೈಯಲ್ಲಿ ಜೋಮು ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಬಿಗಿತ ಹೆಚ್ಚಿದಾಗ ಬಿಸಿನೀರಿನ ಶಾಖ 15 ನಿಮಿಷ ಹಿತ. ದಿಂಬು ಒಂದೇ ಸಾಕು, ಕತ್ತಿನ ಕಮಾನಿಗೆ ಆಸರೆ ಕೊಡುವಷ್ಟು ಎತ್ತರ ಇರಲಿ. ನಿದ್ದೆ, ಊಟದ ಹೊತ್ತು ತಪ್ಪಿಸಬಾರದು.

ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ನೋವು ಬಂದ ಹೊತ್ತು, ಹತ್ತರಲ್ಲಿ ಎಷ್ಟು ತೀವ್ರ, ಆ ದಿನದ ಕೆಲಸ, ನುಂಗಿದ ಮಾತ್ರೆ ಇವನ್ನು ಬರೆದಿಡಿ. ಎರಡು ತಿಂಗಳ ಬರಹ ನೋಡಿದಾಗ ನಮಗೆ ತಿಳಿದದ್ದು: ಹೆಚ್ಚು ನೋವಿನ ದಿನಗಳೆಲ್ಲ ಮರಗಸಿಯ ಮೇಲ್ವಿಚಾರಣೆಯ ಮರುದಿನಗಳು. ಇಡೀ ದಿನ ತಲೆ ಎತ್ತಿ ನಿಂತದ್ದರ ಫಲ!

ತೋಟದ ಕೆಲಸದಲ್ಲಿ ಮಾರ್ಪಾಡು

ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದು, ದೋಟಿಯಲ್ಲಿ ಕೊನೆ ಇಳಿಸುವುದು, ಮೆಣಸು ಕೊಯ್ಯುವುದು, ಇವೆಲ್ಲ ಕತ್ತನ್ನು ಹಿಂದಕ್ಕೆ ಬಾಗಿಸಿ ಮಾಡುವ ಕೆಲಸಗಳು. ಕಾರ್ಬನ್ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ತಪ್ಪಿದ್ದು ದೊಡ್ಡ ಲಾಭ. ಆದರೆ ನೆಲದ ಮೇಲೆ ನಿಂತವನ ಕತ್ತಿಗೆ ಅದು ಭಾರ. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ, ಇಬ್ಬರು ಸರದಿಯಲ್ಲಿ ಮಾಡಿದರೆ ಒಳ್ಳೆಯದು. ಮರದ ಬುಡಕ್ಕೆ ತೀರ ಹತ್ತಿರ ನಿಲ್ಲದೆ ತುಸು ದೂರ ನಿಂತರೆ ಕತ್ತು ಅಷ್ಟು ಬಾಗುವುದಿಲ್ಲ.

ತಲೆಹೊರೆಯ ವಿಷಯ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967 ರ ಶಿಫಾರಸಿನಲ್ಲಿ ಒಬ್ಬ ವಯಸ್ಕ ಗಂಡಸು ಹೊರುವ ಭಾರಕ್ಕೆ 55 ಕೆ.ಜಿ. ಮಿತಿ ಹಾಕಿತು, ಹೆಂಗಸರಿಗೆ ಇದಕ್ಕಿಂತ ಬಹಳ ಕಡಿಮೆ ಇರಬೇಕೆಂದಿತು. ಅದು ಆರೋಗ್ಯವಂತರ ಮಾತು. ಕತ್ತಿಗೆ ಪೆಟ್ಟು ಬಿದ್ದವರಿಗೆ, ಸಿಂಬೆ ಇಟ್ಟುಕೊಂಡರೂ, ತಲೆಹೊರೆ ಬೇಡವೇ ಬೇಡ. ಅವರಿಗೆ ಕಣದಲ್ಲಿ ಕಾಫಿ ಹರಡುವ, ಅಡಿಕೆ ಆರಿಸುವ ಕೆಲಸ ಕೊಡಬಹುದು. ಅದರಲ್ಲಿಯೂ ಗಂಟೆಗೊಮ್ಮೆ ಎದ್ದು ಓಡಾಡಲಿ. ಕಳೆ ಕತ್ತರಿಸುವ ಯಂತ್ರದ ಭಾರವನ್ನು ಎರಡೂ ಹೆಗಲಿಗೆ ಹಂಚುವ ಪಟ್ಟಿ ಬಳಸಬೇಕು.

ಒಂದು ಹಳೆಯ ಬಾಕಿ

ಈಗ ಆರಂಭದಲ್ಲಿ ಸೂಚಿಸಿದ ಮಾತಿಗೆ ಬರುತ್ತೇವೆ. 2014 ರಲ್ಲಿ ನಮ್ಮ ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದವನೊಬ್ಬ ಏಣಿಯಿಂದ ಬಿದ್ದ. ನಾವೇ ಮುಂದೆ ನಿಂತು ಕಂಕುಳಿಗೆ ಕೈಹಾಕಿ ಎತ್ತಿಸಿ ಜೀಪಿನ ಹಿಂದೆ ಕೂರಿಸಿದೆವು. ಕೈಕಾಲು ಉಳಿದದ್ದು ಅವನ ಪುಣ್ಯ. ಆಸ್ಪತ್ರೆಯ ಖರ್ಚು ಕೊಟ್ಟೆವು. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತೆಂದುಕೊಂಡೆವು. ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದವನು ಮಧ್ಯಾಹ್ನಕ್ಕೆಲ್ಲ ತಲೆ ಹಿಡಿದು ಕೂರುತ್ತಿದ್ದ. "ತಲೆನೋವು ಬರದವರು ಯಾರಿದ್ದಾರೆ, ಸೋಗು ಹಾಕಬೇಡ" ಎಂದು ಎಲ್ಲರ ಮುಂದೆ ಅಂದೆವು. ಅವನು ಎದುರಾಡಲಿಲ್ಲ. ಮುಂದಿನ ವಾರದಿಂದ ಬರಲೂ ಇಲ್ಲ.

ಎಂಟು ವರ್ಷದ ಮೇಲೆ ಅದೇ ನೋವು ನಮ್ಮ ತಲೆಗೆ ಬಂದಾಗ ಅವನ ಮುಖ ನೆನಪಾಯಿತು. ಕಳೆದ ವರ್ಷ ವಿಚಾರಿಸಿಕೊಂಡು ಅವನ ಮನೆಗೆ ಹೋದೆವು. "ಅವತ್ತು ಹಾಗೆ ಅಂದದ್ದು ತಪ್ಪಾಯ್ತು ಮಾರಾಯ" ಎಂದೆವು. ಅವನು ಚಾಪೆ ಹಾಸಿ, "ನಿಮ್ಗೂ ಬಂತಾ ಅಯ್ಯಾ? ಹಾಗಾದ್ರೆ ನಿಮ್ಗೆ ಗೊತ್ತು ಬಿಡಿ" ಎಂದಷ್ಟೇ ಹೇಳಿ ಕಾಫಿ ತರಿಸಿದ. ಅವನೂ ದಿನಾ ಮಾತ್ರೆ ನುಂಗುತ್ತಿದ್ದ. ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದೆವು. ಈಗ ವ್ಯಾಯಾಮ ನಡೆದಿದೆ. ಮಾತ್ರೆಯ ದಿನಗಳು ಕಡಿಮೆಯಾಗಿವೆ. ಕಳೆದುಹೋದ ವರ್ಷಗಳನ್ನು ಮರಳಿ ಕೊಡಲು ನಮ್ಮಿಂದಾಗದು.

ನಮಗೂ ನೋವು ಪೂರ್ತಿ ಹೋಗಿಲ್ಲ. ತಿಂಗಳಿಗೆ ಮೂರು ನಾಲ್ಕು ದಿನ ಬರುತ್ತದೆ, ಹೋಗುತ್ತದೆ. ಪೂರ್ತಿ ಹೋಗಲೇಬೇಕೆಂದು ಹಠ ಹಿಡಿದಷ್ಟು ಕಾಲ ಅದರ ಯೋಚನೆಯೇ ದಿನವನ್ನು ನುಂಗುತ್ತಿತ್ತು. ಎಷ್ಟು ಕೆಲಸ ಮಾಡಬಹುದೆಂದು ಅರಿತು ನಡೆದ ಮೇಲೆ ಬದುಕು ಹಿಡಿತಕ್ಕೆ ಬಂತು. ದೀರ್ಘಕಾಲದ ನೋವು ಮನಸ್ಸನ್ನೂ ಕುಗ್ಗಿಸುತ್ತದೆ. ನಿದ್ದೆಗೇಡು, ಬೇಸರ ಮಿತಿಮೀರಿದರೆ ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022 ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ತಲೆನೋವೂ ಸೇರಿದೆ. ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಚಿಕಿತ್ಸಾಲಯ ಇದೆಯೇ ಎಂದು ಸದಸ್ಯರು ವಿಚಾರಿಸಿಕೊಳ್ಳಬೇಕು.

ಮನನಕ್ಕೆ ಪ್ರಶ್ನೆಗಳು

1. ನಿಮ್ಮ ತೋಟದಲ್ಲಿ ಈಗ ಯಾರಾದರೂ ಬಿದ್ದರೆ ತಲೆ ಹಿಡಿಯುವವರು ಯಾರು, 108 ಕ್ಕೆ ಕರೆ ಮಾಡುವವರು ಯಾರು? ಮೊಬೈಲ್ ಸಿಗ್ನಲ್ ಸಿಗುವ ಜಾಗ ಎಲ್ಲಿದೆ?

2. ಕಳೆದ ತಿಂಗಳು ನೀವು ಎಷ್ಟು ದಿನ ನೋವಿನ ಮಾತ್ರೆ ನುಂಗಿದಿರಿ?

3. ನಿಮ್ಮ ಬಳಿ ಕೆಲಸ ಮಾಡುವವರಲ್ಲಿ ಬಿದ್ದ ಮೇಲೆ "ತಲೆನೋವು" ಎನ್ನುತ್ತಿರುವವರು ಇದ್ದಾರೆಯೇ? ಅವರನ್ನು ಕೊನೆಯ ಸಲ ಕೂರಿಸಿಕೊಂಡು ಕೇಳಿದ್ದು ಯಾವಾಗ?

ಉತ್ತರಗಳನ್ನು ಸಂಘದ ಕಚೇರಿಗೆ ಕಳಿಸಬೇಕಾಗಿಲ್ಲ. ಮನೆಯಲ್ಲಿ ಮಾತಾಡಿಕೊಂಡರೆ ಸಾಕು.

ಇಂತಿ,
ಸಂಘದ ಕಾರ್ಯದರ್ಶಿ